ಟೋಟಲ್ ಲಾಸ್ ಆದ ಕಾರು ಮತ್ತೆ ರಸ್ತೆಗೆ: ಬೈಕಂಪಾಡಿಯ ಗ್ಯಾರೇಜೊಂದರ ಕೆಲಸದ ವಿಮರ್ಶೆ

ಅಪಘಾತದಲ್ಲಿ ಜಜ್ಜಿಹೋದ ಕಾರಿನ ಬಾಡಿ ನೇರ ಮಾಡಿ, ಪುಟ್ಟಿ ಮೆತ್ತಿ, ಪೈಂಟ್ ಹೊಡೆದು ಹೊಳೆಯುವಂತೆ ಮಾಡಿಕೊಡುವವರು ಮಂಗಳೂರಿನಲ್ಲಿಯೂ ಉಡುಪಿಯಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ವಿಮಾ ಕಂಪೆನಿಯು ‘ಟೋಟಲ್ ಲಾಸ್’ ಎಂದು ಲೆಕ್ಕ ಮುಗಿಸಿದ ಕಾರನ್ನು, ನಾಳೆ ಪೊಲೀಸರು ತಡೆದರೂ ಆರ್‌ಟಿಒ ಕಚೇರಿಯವರು ಕೇಳಿದರೂ ಮಾಲಕನು ಅಳುಕದೆ ಉತ್ತರ ಕೊಡುವಂತೆ ರಸ್ತೆಗೆ ಇಳಿಸಿಕೊಡುವವರು ವಿರಳ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿರುವ ಒಂದು ಬಾಡಿ ಗ್ಯಾರೇಜು ಆ ವಿರಳ ಜಾತಿಗೆ ಸೇರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿನ ಮಾಲಕರು ಕಾರಿನ ಫೋಟೋಗಳನ್ನು ನೋಡಿದ ಮೇಲೆ ಆಡಿದ ಮೊದಲ ಮಾತೇ ಇದಕ್ಕೆ ಸಾಕ್ಷಿ: “ಟಿಂಕರಿಂಗ್ ಮತ್ತೆ ನೋಡುವ ಮಾರಾಯ್ರೆ, ಮೊದಲು ಆರ್‌ಸಿ ಯಾರ ಹತ್ತಿರ ಉಂಟು ಹೇಳಿ.”

ಕಾರು ನನ್ನ ಭಾವನದು. 2019ರ ನೋಂದಣಿಯ, 1500 ಸಿಸಿಗಿಂತ ಸ್ವಲ್ಪ ಕಡಿಮೆ ಸಾಮರ್ಥ್ಯದ ಪೆಟ್ರೋಲ್ ಎಂಜಿನ್ನಿನ ಕಾರು. ಪಡುಬಿದ್ರಿಯ ಬಳಿ ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಬಸ್ಸೊಂದು ಗುದ್ದಿದ ರಭಸಕ್ಕೆ ಅದು ಮುಂದಿದ್ದ ಲಾರಿಯ ಹಿಂಬದಿಗೆ ನುಗ್ಗಿತು. ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್‌ಗಳ ದೆಸೆಯಿಂದ ಒಳಗಿದ್ದವರು ಸಣ್ಣ ಗಾಯಗಳೊಂದಿಗೆ ಪಾರಾದರು. ಪೊಲೀಸ್ ಪ್ರಕರಣ, ಮಹಜರು, ಬ್ರೇಕ್ ಇನ್‌ಸ್ಪೆಕ್ಟರ್ ಎಂದು ನಾವೆಲ್ಲ ಕರೆಯುವ ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಎಲ್ಲವೂ ಕ್ರಮಪ್ರಕಾರ ನಡೆದ ಮೇಲೆ ಕಾರು ಬಿಡುಗಡೆಯಾಯಿತು. ಅಲ್ಲಿಂದ ಮುಂದಿನ ಕಾಗದಪತ್ರದ ಜವಾಬ್ದಾರಿಯನ್ನು ಭಾವ ನನಗೆ ಒಪ್ಪಿಸಿದರು.

ಟೋಟಲ್ ಲಾಸ್ ಎಂದೊಡನೆ ಕಾರು ಸತ್ತೇಹೋಯಿತು ಎಂದು ತಿಳಿಯುವವರು ಬಹಳ ಮಂದಿ. ವಾಸ್ತವದಲ್ಲಿ ಅದು ಹಣದ ಲೆಕ್ಕ. ಪಾಲಿಸಿಯಲ್ಲಿ ಐಡಿವಿ ಎಂದು ನಮೂದಾಗಿರುವ ಮೊತ್ತದ ಶೇಕಡಾ 75ಕ್ಕಿಂತ ಹೆಚ್ಚು ರಿಪೇರಿಗೆ ಬೇಕಾಗುತ್ತದೆ ಎಂದಾದರೆ ವಿಮಾ ಕಂಪೆನಿಯು ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತದೆ. ಐಡಿವಿಯಾದರೂ ಹೊಸ ಕಾರಿನ ಬೆಲೆಯಲ್ಲ. ತಯಾರಕರ ನಮೂದಿತ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದ ಮೊತ್ತ. ಒಂದರಿಂದ ಎರಡು ವರ್ಷದ ಕಾರಿಗೆ ಶೇಕಡಾ 20, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50 ಎಂದು ಅದು ಏರುತ್ತದೆ. ಭಾವನ ಕಾರು ಹತ್ತು ಲಕ್ಷದ್ದು, ಶೇಕಡಾ 40 ಸವಕಳಿ ಕಳೆದು ಐಡಿವಿ ಆರು ಲಕ್ಷ. ಅದರ ಶೇಕಡಾ 75 ಎಂದರೆ ನಾಲ್ಕೂವರೆ ಲಕ್ಷ. ಅಧಿಕೃತ ಸರ್ವಿಸ್ ಸೆಂಟರಿನವರು ಜಖಂಗೊಂಡದ್ದನ್ನೆಲ್ಲ ಹೊಸದಾಗಿ ಬದಲಿಸುವ ಲೆಕ್ಕದಲ್ಲಿ ಐದು ಲಕ್ಷ ಇಪ್ಪತ್ತು ಸಾವಿರದ ಎಸ್ಟಿಮೇಟ್ ಕೊಟ್ಟದ್ದರಿಂದ ಕಾರು ಗಡಿ ದಾಟಿತು. ಹೊಸ ಕಾರಾಗಿದ್ದರೆ ಇದೇ ಪೆಟ್ಟಿಗೆ ಇದು ಸಾಮಾನ್ಯ ರಿಪೇರಿ ಕ್ಲೇಮ್ ಆಗಿಯೇ ಉಳಿಯುತ್ತಿತ್ತು.

ಈ ಹಂತದಲ್ಲಿ ಮಾಲಕನ ಮುಂದೆ ಎರಡು ದಾರಿಗಳಿರುತ್ತವೆ. ಪೂರ್ತಿ ಐಡಿವಿ ಪಡೆದು ಕಾರನ್ನು ಕಂಪೆನಿಗೆ ಒಪ್ಪಿಸಬಹುದು. ಆಗ ಕಂಪೆನಿಯು ಅದನ್ನು ಹರಾಜಿನಲ್ಲಿ ಮಾರುತ್ತದೆ. ಇಲ್ಲವೇ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆಯನ್ನು ಐಡಿವಿಯಿಂದ ಕಳೆದು ಉಳಿದ ಹಣವನ್ನು ಪಡೆದು ಕಾರನ್ನು ತಾನೇ ಇಟ್ಟುಕೊಳ್ಳಬಹುದು. ವಿಮಾ ಕಂಪೆನಿಯ ಪರವಾಗಿ ನಷ್ಟವನ್ನು ಅಂದಾಜು ಮಾಡುವ ಸರ್ವೇಯರುಗಳ ಮಾತಿನಲ್ಲಿ ಇದು ‘ನೆಟ್ ಆಫ್ ಸಾಲ್ವೇಜ್’. ನಮ್ಮ ಕಾರಿಗೆ ಬಂದ ಅತಿ ಹೆಚ್ಚಿನ ಬೆಲೆ ಎರಡು ಲಕ್ಷ ಇಪ್ಪತ್ತು ಸಾವಿರ. ಅದನ್ನೂ, ಕ್ಲೇಮಿನಲ್ಲಿ ಮಾಲಕನೇ ಹೊರಬೇಕಾದ ಕಡ್ಡಾಯ ಕಡಿತದ ಸಾವಿರ ರೂಪಾಯಿಯನ್ನೂ ಐಡಿವಿಯಿಂದ ಕಳೆದು ಮೂರು ಲಕ್ಷ ಎಪ್ಪತ್ತೊಂಬತ್ತು ಸಾವಿರ ರೂಪಾಯಿ ಕೈಗೆ ಬರಬೇಕಾಗಿತ್ತು. ಕಾರಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಭಾವನ ಸಾಲ ತೀರಿದ್ದರಿಂದ ಆ ತೊಡಕು ಇರಲಿಲ್ಲ.

ನಿಜವಾದ ತೊಡಕು ಎದುರಾದದ್ದು ಆರ್‌ಸಿಯ ವಿಷಯದಲ್ಲಿ. ವಿಮಾ ಕಂಪೆನಿಯಿಂದ ಬಂದ ಪತ್ರದ ಒಂದು ಸಾಲು ಕಾರನ್ನು ಮಾಲಕರೇ ಇಟ್ಟುಕೊಳ್ಳಬಹುದೆಂದು ಹೇಳಿದರೆ, ಇನ್ನೊಂದು ಸಾಲು ನೋಂದಣಿ ರದ್ದಾದ ದಾಖಲೆಯನ್ನು ಒದಗಿಸಬೇಕೆಂದು ಕೇಳುತ್ತಿತ್ತು. ಇವೆರಡೂ ಒಟ್ಟಿಗೆ ಹೋಗುವ ಮಾತುಗಳಲ್ಲ. ನೋಂದಣಿ ರದ್ದಾದ ಕಾರನ್ನು ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಅದು ಗುಜರಿಗೆ ಸಲ್ಲುವ ಬಿಡಿಭಾಗಗಳ ರಾಶಿಯಾಗಿ ಉಳಿಯುತ್ತದೆ. ಗ್ಯಾರೇಜಿನ ಮಾಲಕರು ಆ ಪತ್ರವನ್ನು ಎರಡು ಬಾರಿ ಓದಿ, ಇದು ಇತ್ಯರ್ಥವಾಗುವ ತನಕ, ಕ್ಲೇಮ್ ಮುಗಿಯಿತೆಂದು ಒಪ್ಪಿಕೊಳ್ಳುವ ಡಿಸ್ಚಾರ್ಜ್ ವೋಚರಿಗೆ ಸಹಿ ಹಾಕಬೇಡಿ, ಕಾರನ್ನು ತಮ್ಮ ಶೆಡ್ಡಿಗೂ ತರಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಕೈಗೆ ಬಂದ ಕೆಲಸವನ್ನು ಹೀಗೆ ತಡೆದು ನಿಲ್ಲಿಸುವ ಗ್ಯಾರೇಜಿನವರನ್ನು ನಾನು ಹೆಚ್ಚು ಕಂಡಿಲ್ಲ.

ಮೋಟಾರು ವಾಹನ ಕಾಯ್ದೆ, 1988ರ 55ನೇ ಕಲಂ ಪ್ರಕಾರ, ವಾಹನವು ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲಕನು 14 ದಿನಗಳ ಒಳಗೆ ಅಥವಾ ಸಾಧ್ಯವಾದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯನ್ನು ಒಪ್ಪಿಸಬೇಕು. ಇಲ್ಲಿ ಕಾನೂನು ನೋಡುವುದು ವಾಹನದ ಸ್ಥಿತಿಯನ್ನು. ವಿಮೆಯ ಶೇಕಡಾ 75ರ ನಿಯಮ ನೋಡುವುದು ಖರ್ಚನ್ನು. ಖರ್ಚು ಗಡಿ ದಾಟಿದ ಮಾತ್ರಕ್ಕೆ ಕಾರು ಶಾಶ್ವತವಾಗಿ ಬಳಕೆಗೆ ಬಾರದ್ದಾಯಿತು ಎಂದಾಗುವುದಿಲ್ಲ. ಈ ವ್ಯತ್ಯಾಸವನ್ನು ಬರೆದು, ಆರ್‌ಸಿ ಸಹಿತವಾಗಿ ನೆಟ್ ಆಫ್ ಸಾಲ್ವೇಜ್ ಆಧಾರದಲ್ಲಿ ಇತ್ಯರ್ಥಪಡಿಸಬೇಕೆಂದೂ ಸರ್ವೇಯರರ ವರದಿಯ ಪ್ರತಿಯನ್ನು ಕೊಡಬೇಕೆಂದೂ ಕಂಪೆನಿಗೆ ಲಿಖಿತವಾಗಿ ಕೇಳಿದೆವು. ಮತ್ತೆ ಮತ್ತೆ ನೆನಪಿಸಿದ ಮೇಲೆ ಒಪ್ಪಿಗೆಯ ಪತ್ರ ಬಂತು. ಇಷ್ಟು ಮಹತ್ವದ ಸಂಗತಿಯನ್ನು ಕಂಪೆನಿಯೇ ಮೊದಲ ಪತ್ರದಲ್ಲಿ ಬಿಡಿಸಿ ಹೇಳಬೇಕಾಗಿತ್ತು. ಅದು ತಿಳಿಯದೆ ಸಹಿ ಹಾಕಿ, ಹಣವನ್ನೆಲ್ಲ ರಿಪೇರಿಗೆ ಸುರಿದು, ಕೊನೆಗೆ ಓಡಿಸಲಾಗದ ಕಾರನ್ನು ಅಂಗಳದಲ್ಲಿ ನಿಲ್ಲಿಸಿಕೊಂಡವರ ಪಾಡು ಏನಾಗಬಹುದು ಎಂಬುದನ್ನು ನೆನೆದರೆ ಸಿಟ್ಟು ಬರುತ್ತದೆ. ಇಂಥ ತಕರಾರು ಕಂಪೆನಿಯ ದೂರು ವಿಭಾಗದಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಕಾರು ಶೆಡ್ಡಿಗೆ ಬಂದ ದಿನ ಯಾರೂ ಸುತ್ತಿಗೆ ಮುಟ್ಟಲಿಲ್ಲ. ಎಂಜಿನ್ ಕೋಣೆಯ ಹಿಂಗೋಡೆಯಲ್ಲಿ ಕೊರೆದಿದ್ದ ಚಾಸಿ ನಂಬರಿನ ಮೇಲಿನ ಧೂಳನ್ನು ಹುಡುಗನೊಬ್ಬ ಬಟ್ಟೆಯಿಂದ ಒರೆಸಿ, ಅದರ ಮೇಲೆ ಪೆನ್ಸಿಲಿನ ಸೀಸ ಉಜ್ಜಿ, ಪಾರದರ್ಶಕ ಟೇಪು ಅಂಟಿಸಿ ನಿಧಾನವಾಗಿ ಎಬ್ಬಿಸಿದ. ಹದಿನೇಳು ಅಕ್ಷರ ಮತ್ತು ಅಂಕಿಗಳು ಬೂದು ಬಣ್ಣದಲ್ಲಿ ಟೇಪಿನ ಮೇಲೆ ಮೂಡಿ ಬಂದವು. ಅದನ್ನು ಬಿಳಿ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಎಂಜಿನ್ ನಂಬರು ಬರೆದು, ಆರ್‌ಸಿಯೊಂದಿಗೂ ಎಂ-ಪರಿವಾಹನ್ ಆ್ಯಪಿನಲ್ಲಿ ಕಾಣುವ ವಿವರದೊಂದಿಗೂ ಹೋಲಿಸಿ, ಭಾವನ ಸಹಿ ಪಡೆದುಕೊಂಡರು. ಆಮೇಲೆ ಕಾರಿನ ಸುತ್ತಲೂ ದಿನಾಂಕ ಕಾಣುವಂತೆ ಫೋಟೋ ತೆಗೆದರು. ಇಷ್ಟೊಂದು ಎಚ್ಚರಕ್ಕೆ ಕಾರಣವಿದೆ. ಟೋಟಲ್ ಲಾಸ್ ಆದ ಕಾರಿನ ಆರ್‌ಸಿಯನ್ನು ಖರೀದಿಸಿ, ಅದೇ ಮಾದರಿಯ ಕಳವಿನ ಕಾರಿಗೆ ಆ ಚಾಸಿ ನಂಬರನ್ನು ಕೂರಿಸಿ ಮಾರುವ ಜಾಲಗಳನ್ನು ದೇಶದ ಹಲವೆಡೆ ಪೊಲೀಸರು ಹಿಡಿದಿದ್ದಾರೆ. ಪ್ರಾಮಾಣಿಕವಾಗಿ ರಿಪೇರಿಯಾದ ಕಾರಿನ ಮೇಲೂ ಆ ಸಂಶಯದ ನೆರಳು ಬೀಳುತ್ತದೆ. ಚಾಸಿ ನಂಬರು ಇರುವ ಭಾಗಕ್ಕೇ ಪೆಟ್ಟಾಗಿದ್ದರೆ, ಆರ್‌ಟಿಒ ಕಚೇರಿಯ ಲಿಖಿತ ಅನುಮತಿ ಸಿಗುವ ತನಕ ಆ ತಗಡನ್ನು ಕತ್ತರಿಸುವುದಿಲ್ಲ ಎಂಬುದು ಇಲ್ಲಿನ ಮಾಲಕರ ನಿಯಮ.

ಕೆಲಸದ ಗುಣಮಟ್ಟದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ಇಂದಿನ ಕಾರುಗಳಿಗೆ ಹಳೆಯ ಜೀಪಿನಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ, ಬಾಡಿಯೇ ಚಾಸಿ. ಮುಂಭಾಗದ ಎರಡು ಉದ್ದನೆಯ ಉಕ್ಕಿನ ತೊಲೆಗಳು ಗುದ್ದಿದಾಗ ಗೊತ್ತಾದ ಜಾಗದಲ್ಲಿ ಮಡಚಿಕೊಂಡು ಪೆಟ್ಟಿನ ಬಲವನ್ನು ನುಂಗುವಂತೆ ತಯಾರಾಗಿರುತ್ತವೆ. ಒಮ್ಮೆ ಮಡಚಿದ ತೊಲೆಯನ್ನು ಗ್ಯಾಸಿನಿಂದ ಕಾಯಿಸಿ ಜಗ್ಗಿ ನೇರ ಮಾಡಿದರೆ ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ಹೆಚ್ಚು ಬಲದ ಆ ಉಕ್ಕು ಕಾದ ಮೇಲೆ ತನ್ನ ಮೊದಲಿನ ಗುಣವನ್ನು ಉಳಿಸಿಕೊಳ್ಳುವುದಿಲ್ಲ; ಮುಂದಿನ ಅಪಘಾತದಲ್ಲಿ ಅದು ಹೇಗೆ ಮಡಚೀತು ಎಂಬುದನ್ನು ಯಾರೂ ಹೇಳಲಾರರು. ನಮ್ಮ ಕಾರಿನ ಎಡಗಡೆಯ ತೊಲೆ ನುಗ್ಗಾಗಿತ್ತು. ಇಲ್ಲಿನ ಹಿರಿಯ ಟಿಂಕರರು ಕಾರನ್ನು ಬೆಂಚಿನ ಮೇಲೆ ಬಿಗಿದು, ಬಲ ಮೇಲ್ತುದಿಯಿಂದ ಎಡ ಕೆಳತುದಿಗೆ, ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಕರ್ಣಗಳನ್ನು ಅಳೆದು, ಕಂಪೆನಿಯ ಅಳತೆಯ ನಕ್ಷೆಯೊಂದಿಗೆ ಹೋಲಿಸಿ, ಎಷ್ಟು ಮಿಲಿಮೀಟರ್ ವ್ಯತ್ಯಾಸವಿದೆ ಎಂಬುದನ್ನು ಸೀಮೆಸುಣ್ಣದಲ್ಲಿ ತಗಡಿನ ಮೇಲೆಯೇ ಬರೆದಿಟ್ಟರು. ಆಮೇಲೆ ಆ ತೊಲೆಯನ್ನು ನೇರ ಮಾಡುವ ಗೋಜಿಗೆ ಹೋಗದೆ, ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು ಬಿಡಿಸಿ, ಹೊಸ ತೊಲೆಯನ್ನು ಕೂರಿಸಿದರು. ಬೆಸುಗೆ ಹಾಕುವ ಅಂಚುಗಳಿಗೆ ಸತುವಿನ ಪ್ರೈಮರ್, ಸಂದುಗಳಿಗೆ ಸೀಲರ್, ಟೊಳ್ಳು ಭಾಗಗಳ ಒಳಗೆ ಮೇಣದ ಲೇಪ. ಕರಾವಳಿಯಲ್ಲಿ ಈ ಕೊನೆಯ ಕೆಲಸವನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿ ಬರಿಯ ಬೆಸುಗೆಯ ಅಂಚನ್ನು ಒಳಗಿಂದಲೇ ತಿಂದುಹಾಕುತ್ತವೆ, ಹೊರಗಿನ ಪೈಂಟಿನಲ್ಲಿ ಗುಳ್ಳೆ ಏಳುವ ತನಕ ಅದು ಗೊತ್ತಾಗುವುದೂ ಇಲ್ಲ.

ಏರ್‌ಬ್ಯಾಗಿನ ವಿಷಯದಲ್ಲಿ ಈ ಗ್ಯಾರೇಜು ತೋರಿಸಿದ ಪ್ರಾಮಾಣಿಕತೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನೂ, ಅದರ ಜೊತೆಗೆ ಎಳೆದುಕೊಂಡು ಬಿಗಿಯುವ ಸೀಟ್ ಬೆಲ್ಟಿನ ಪ್ರಿಟೆನ್ಷನರನ್ನೂ ಮತ್ತೆ ಬಳಸಲಾಗದು, ಬದಲಿಸಲೇಬೇಕು. ಇದಕ್ಕೆ ಬೀಳುವ ಖರ್ಚು ದೊಡ್ಡದು. ಆದ್ದರಿಂದ ಕೆಲವು ಕಡೆ ಏರ್‌ಬ್ಯಾಗಿನ ಜಾಗದಲ್ಲಿ ಸಣ್ಣದೊಂದು ರೆಸಿಸ್ಟರ್ ಸಿಕ್ಕಿಸಿ, ಮುಚ್ಚಳವನ್ನು ಅಂಟಿಸಿ, ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪ ಆರುವಂತೆ ಮಾಡಿಬಿಡುತ್ತಾರೆ. ಕಾರಿನ ಕಂಪ್ಯೂಟರು ಎಲ್ಲವೂ ಸರಿಯಿದೆ ಎಂದೇ ತಿಳಿಯುತ್ತದೆ, ಕೂತವನು ಯಾವ ರಕ್ಷಣೆಯೂ ಇಲ್ಲದೆ ಹೆದ್ದಾರಿಯಲ್ಲಿ ಹೋಗುತ್ತಿರುತ್ತಾನೆ. ಇದು ಕೊಲೆಗೆ ಸಮನಾದ ಮೋಸ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ನಮ್ಮ ಕಾರಿಗೆ ಎರಡು ಹೊಸ ಏರ್‌ಬ್ಯಾಗ್, ಮುಂದಿನ ಎರಡೂ ಸೀಟ್ ಬೆಲ್ಟ್, ಕಂಟ್ರೋಲ್ ಯೂನಿಟ್ ಬಂದವು. ಪೆಟ್ಟಿಗೆಗಳನ್ನು ಭಾವನ ಎದುರೇ ಒಡೆದು, ಲೇಬಲಿನ ಪಾರ್ಟ್ ನಂಬರು ಬಿಲ್ಲಿನಲ್ಲಿಯೂ ಇದೆ ಎಂದು ತೋರಿಸಿ, ಹಳೆಯದನ್ನು ನಮ್ಮ ಕೈಗೇ ಕೊಟ್ಟರು. ಕೀ ತಿರುಗಿಸಿದೊಡನೆ ದೀಪ ಹತ್ತಬೇಕು, ಕೆಲವು ಸೆಕೆಂಡುಗಳಲ್ಲಿ ತಾನಾಗಿ ಆರಬೇಕು. ಹತ್ತದೇ ಇದ್ದರೂ, ಆರದೇ ಇದ್ದರೂ ಕಾರನ್ನು ತೆಗೆದುಕೊಳ್ಳಬೇಡಿ ಎಂಬುದು ಅವರೇ ಹೇಳಿಕೊಟ್ಟ ಪರೀಕ್ಷೆ. ರೆಸಿಸ್ಟರಿನ ಮೋಸ ಈ ಪರೀಕ್ಷೆಗೂ ಸಿಗದು ಎಂಬುದರಿಂದಲೇ ಪಾರ್ಟ್ ನಂಬರಿರುವ ಬಿಲ್ಲಿಗೆ ಅಷ್ಟು ಬೆಲೆ.

ಕುಂದುಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ. ಬಿಡಿಭಾಗ ಬರುವುದು ತಡವಾದದ್ದು ಒಂದು ಕಾರಣವಾದರೂ, ತಡವಾಗುತ್ತದೆಂದು ಒಂದು ಫೋನ್ ಮಾಡಿ ತಿಳಿಸುವ ಅಭ್ಯಾಸ ಅಲ್ಲಿ ಇಲ್ಲ. ನಾವೇ ಕೇಳುತ್ತಾ ಇರಬೇಕು. ಎಡಗಡೆಯ ಹಿಂದಿನ ಬಾಗಿಲಿನ ಬಣ್ಣ ನೆರಳಿನಲ್ಲಿ ಹೊಂದಿದರೂ ಇಳಿಬಿಸಿಲಿನಲ್ಲಿ ತುಸು ಬೇರೆಯಾಗಿ ಕಾಣುತ್ತದೆ. ಮೊದಲ ಮಳೆಗೆ ಡಿಕ್ಕಿಯೊಳಗೆ ನೀರು ಜಿನುಗಿತು. ಕೊಂಡೊಯ್ದು ತೋರಿಸಿದೊಡನೆ ಹಿಂಭಾಗದ ಸಂದಿನ ಸೀಲರ್ ಕಿತ್ತು ಹೊಸದಾಗಿ ಹಾಕಿಕೊಟ್ಟರು, ದುಡ್ಡು ಕೇಳಲಿಲ್ಲ. ಬೆಸುಗೆಯ ಕೆಲಸಕ್ಕೆ ಲಿಖಿತ ಗ್ಯಾರಂಟಿ ನಾವು ಒತ್ತಾಯಿಸಿದ ಮೇಲೆ ಬಿಲ್ಲಿನ ಕೆಳಗೆ ಬಂತು. ಇಷ್ಟು ಒಳ್ಳೆಯ ಕೆಲಸ ಮಾಡುವವರು ಅದನ್ನು ತಾವಾಗಿಯೇ ಬರೆದುಕೊಡಬೇಕು.

ಇನ್ನು ರಸ್ತೆಗಿಳಿಸುವ ಮಾತು. ಟೋಟಲ್ ಲಾಸ್ ಇತ್ಯರ್ಥವಾದ ಮೇಲೆ ಹಳೆಯ ಪಾಲಿಸಿ ಮುಗಿದಂತೆ. ಕಾಯ್ದೆಯ 146ನೇ ಕಲಂ ಪ್ರಕಾರ ಮೂರನೇ ವ್ಯಕ್ತಿಯ ವಿಮೆಯಿಲ್ಲದೆ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. ಮೊದಲ ತಪ್ಪಿಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಟ್ರಯಲ್ ನೋಡುವುದಕ್ಕೂ ಇದರಿಂದ ವಿನಾಯಿತಿ ಇಲ್ಲ. ಗ್ಯಾರೇಜಿನವರು ಈ ವಿಷಯದಲ್ಲಿ ಬಿಗಿಯಾಗಿದ್ದರು: ವೀಲ್ ಅಲೈನ್‌ಮೆಂಟಿಗೆ ಕಾರನ್ನು ಟೋಯಿಂಗ್ ಲಾರಿಯ ಮೇಲೆಯೇ ಕಳುಹಿಸಿದರು. ನಮ್ಮ ಕಾರಿನ ಗಾತ್ರದ ಎಂಜಿನ್ನಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ ಮೂರನೇ ವ್ಯಕ್ತಿ ವಿಮೆಯ ಮೂಲ ಪ್ರೀಮಿಯಂ 3,416 ರೂಪಾಯಿ. ಮಾಲಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಮತ್ತು ತೆರಿಗೆ ಬೇರೆ. ಸಮಗ್ರ ವಿಮೆ ಕೊಡುವ ಮೊದಲು ಕಂಪೆನಿಯವರು ಕಾರನ್ನು ಪರಿಶೀಲಿಸುತ್ತಾರೆ, ಹಿಂದಿನ ಕ್ಲೇಮ್ ಕೇಳುತ್ತಾರೆ. ಅದನ್ನು ಮುಚ್ಚಿಟ್ಟರೆ ಮುಂದಿನ ಕ್ಲೇಮ್ ತಿರಸ್ಕಾರವಾಗುವ ಅಪಾಯವಿದೆ. ನಾವು ಗ್ಯಾರೇಜಿನ ಫೈಲನ್ನೇ ಪರಿಶೀಲನೆಗೆ ಬಂದವರ ಮುಂದಿಟ್ಟೆವು. ಮೊದಲಿನ ಫೋಟೋಗಳು, ಅಳತೆಯ ಹಾಳೆ, ಬಿಲ್ಲುಗಳು, ಅಲೈನ್‌ಮೆಂಟಿನ ಮುದ್ರಿತ ವರದಿ ಎಲ್ಲವೂ ಅದರಲ್ಲಿದ್ದುದರಿಂದ ಪ್ರಶ್ನೆಗಳು ಬೇಗ ಮುಗಿದವು.

ಹೊಗೆ ತಪಾಸಣೆಯ ಪ್ರಮಾಣಪತ್ರ ಹೊಸದಾಗಿ ಮಾಡಿಸಿದ್ದಾಯಿತು. ಮುಂದಿನ ನಂಬರ್ ಪ್ಲೇಟ್ ಮುರಿದಿದ್ದರಿಂದ ಹೈ ಸೆಕ್ಯುರಿಟಿ ಪ್ಲೇಟಿಗೆ ಮತ್ತೆ ಅರ್ಜಿ ಹಾಕಬೇಕಾಯಿತು. ಒಡೆದುಹೋದ ಮುಂದಿನ ಗಾಜಿನೊಂದಿಗೆ ಒಳಬದಿಯ ನೋಂದಣಿ ಸ್ಟಿಕ್ಕರೂ ಫಾಸ್ಟ್ಯಾಗೂ ಹೋಗಿದ್ದವು. ತಲಪಾಡಿಯಿಂದ ಸಾಸ್ತಾನದ ತನಕ ಟೋಲ್‌ಗಳ ನಡುವೆ ಬದುಕುವ ನಮಗೆ ಇದನ್ನು ಯಾರೂ ನೆನಪಿಸಬೇಕಾಗಿಲ್ಲ. ಎಂಜಿನ್ ಬದಲಾಗಿದ್ದರೆ ಹೊಸ ನಂಬರನ್ನು ಆರ್‌ಸಿಯಲ್ಲಿ ಸೇರಿಸಿಕೊಳ್ಳುವ ಕೆಲಸವೂ ಇರುತ್ತಿತ್ತು.

ಇಷ್ಟೆಲ್ಲ ಆದರೂ, ನೋಂದಣಿ ರದ್ದಾಗದ ಖಾಸಗಿ ಕಾರೊಂದು ದೊಡ್ಡ ರಿಪೇರಿಯ ಬಳಿಕ ಸುರಕ್ಷಿತವಾಗಿದೆ ಎಂದು ಪ್ರಮಾಣೀಕರಿಸುವ ಪ್ರತ್ಯೇಕ ಕಡ್ಡಾಯ ತಪಾಸಣೆ ನಮ್ಮಲ್ಲಿ ಇಲ್ಲ. ಟ್ಯಾಕ್ಸಿಗೂ ಬಸ್ಸಿಗೂ ಫಿಟ್‌ನೆಸ್ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷ ಹಾಗೆಯೇ ಸಾಗುತ್ತದೆ. ಹಾಗೆಂದು ಕಾನೂನು ಮಾಲಕನನ್ನು ಬಿಟ್ಟುಬಿಟ್ಟಿದೆ ಎಂದಲ್ಲ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಬಹುದಾಗಿದ್ದ, ಜನರಿಗೆ ಅಪಾಯಕಾರಿಯಾದ ದೋಷವಿರುವ ವಾಹನವನ್ನು ಓಡಿಸುವುದೂ ಓಡಿಸಲು ಬಿಡುವುದೂ 190ನೇ ಕಲಂ ಪ್ರಕಾರ ಅಪರಾಧ. ಅಂಥ ವಾಹನದ ನೋಂದಣಿಯನ್ನು ಅಮಾನತಿನಲ್ಲಿಡುವ ಅಧಿಕಾರ 53ನೇ ಕಲಂ ಅಡಿಯಲ್ಲಿ ಪ್ರಾಧಿಕಾರಕ್ಕೆ ಇದೆ. ಸರಕಾರ ಮಾಡದ ತಪಾಸಣೆಯ ಹೊರೆ ಹೀಗೆ ಮಾಲಕನ ಹೆಗಲಿಗೂ ಗ್ಯಾರೇಜಿನವರ ಆತ್ಮಸಾಕ್ಷಿಗೂ ಬೀಳುತ್ತದೆ. ಬೈಕಂಪಾಡಿಯ ಈ ಗ್ಯಾರೇಜನ್ನು ನಾನು ಹೊಗಳುವುದು ಈ ಕಾರಣಕ್ಕೆ.

ಒಟ್ಟು ಬಿಲ್ಲು ಮೂರು ಲಕ್ಷ ನಲವತ್ತು ಸಾವಿರ, ಪೂರ್ತಿ ಜಿಎಸ್‌ಟಿ ಬಿಲ್. ಅಧಿಕೃತ ಸೆಂಟರಿನ ಎಸ್ಟಿಮೇಟಿಗಿಂತ ಇಷ್ಟು ಕಡಿಮೆಯಾದದ್ದು ಎರಡು ಬಾಗಿಲು ಮತ್ತು ಹಿಂದಿನ ಪ್ಯಾನೆಲನ್ನು ಬದಲಿಸದೆ ರಿಪೇರಿ ಮಾಡಿದ್ದರಿಂದ. ಬಲ ಹೊರುವ ಭಾಗಗಳಲ್ಲಿ ಎಲ್ಲಿಯೂ ಉಳಿತಾಯ ಮಾಡಿಲ್ಲ. ಮಾರುವಾಗ ಈ ಕಾರಿಗೆ ಒಳ್ಳೆಯ ಬೆಲೆ ಬಾರದು, ಬರಬಾರದು ಕೂಡ. ಕೊಳ್ಳುವವನಿಗೆ ಚರಿತ್ರೆಯನ್ನು ತಿಳಿಸಿಯೇ ಮಾರಬೇಕಾಗುತ್ತದೆ. ಇನ್ನೂ ಹಲವು ವರ್ಷ ತಾನೇ ಓಡಿಸುವ ಉದ್ದೇಶವಿರುವವನಿಗೆ ಮಾತ್ರ ಈ ದಾರಿ ಸಲ್ಲುತ್ತದೆ. ಕಾರನ್ನು ಕಂಪೆನಿಗೇ ಒಪ್ಪಿಸುವವರೂ ವರ್ಗಾವಣೆಯ ದಾಖಲೆಯನ್ನು ಬೆನ್ನು ಹತ್ತಿ ಪಡೆಯಬೇಕು. ಆರ್‌ಸಿಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗುಜರಿಗೆ ಹೋಯಿತೆಂದು ತಿಳಿದ ಕಾರು ಬೇರೆ ಯಾವುದೋ ಊರಿನಲ್ಲಿ ಯಾರಿಗೋ ಗುದ್ದಿದರೆ ನೋಟಿಸು ಬರುವುದು ಹಳೆಯ ಮಾಲಕನ ಮನೆಗೆ.

ನೆರೆಯಲ್ಲಿ ಮುಳುಗಿದ ಕಾರುಗಳನ್ನು ಮಾತ್ರ ಇವರು ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ. 2018ರ ಮೇ 29ರ ಮಳೆಗೆ ಮಂಗಳೂರಿನಲ್ಲಿ, 2020ರ ಸೆಪ್ಟೆಂಬರಿನ ನೆರೆಗೆ ಉಡುಪಿಯಲ್ಲಿ ನೀರು ಹೊಕ್ಕ ಕಾರುಗಳನ್ನು ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ತಗಡಿನ ಪೆಟ್ಟನ್ನು ಅಳೆಯಬಹುದು. ವಯರಿಂಗಿನ ಕನೆಕ್ಟರುಗಳ ಒಳಗೆ ಇಳಿದ ಕೆಸರುನೀರು ಮಾತ್ರ ತಿಂಗಳುಗಟ್ಟಲೆ ಕಳೆದ ಮೇಲೆ, ಏರ್‌ಬ್ಯಾಗಿನ ಸೆನ್ಸರಿನಲ್ಲಿಯೋ ಬ್ರೇಕಿನ ಎಬಿಎಸ್ ಯೂನಿಟ್ಟಿನಲ್ಲಿಯೋ ಹಸಿರು ಕಿಲುಬಾಗಿ ಕಾಣಿಸಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ತನಕ ನೀರು ಏರಿದ ಕಾರನ್ನು ಕೇಳಿಕೊಂಡು ಬಂದವರಿಗೆ, ಪೂರ್ತಿ ಐಡಿವಿ ತೆಗೆದುಕೊಂಡು ಕಾರನ್ನು ಆರ್‌ಸಿ ರದ್ದತಿಯೊಂದಿಗೆ ಬಿಟ್ಟುಕೊಡಿ ಎಂದೇ ಮಾಲಕರು ಹೇಳಿ ಕಳುಹಿಸುತ್ತಾರೆ.